ಬರ್ತೇನ್ರಿ ಅಂದ ಮೇಲೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ನಿವೃತ್ತನಾಗಿ, ಚಿಕ್ಕೋಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದೆ. ಬೆಂಗಳೂರಿನಿಂದ ತಂಗಿಯ ಮಗ ಫೋನು ಮಾಡಿದ. ‘ಮಾಮಾ, ಒಂದ ಐದ ಮಂದೀನ ಹುಟ್ಟಿಸಿ ಕೊಡ್ರಿ’ ಅಂದ. ಸ್ಪೀಕರು ಹಾಕಿದ್ದೆ. ಒಳಗಿನಿಂದ ಹೆಂಡತಿ, ‘ಈ ವಯಸ್ಸಿನಾಗ?’ ಅಂದಳು.

ಸಂಗತಿ ಇಷ್ಟು. ಅವನ ಕಂಪನಿ ಒಂದು ಬ್ಯಾಂಕಿಗೆ ಚಾಟ್ ಆಟವೊಂದನ್ನು ಮಾಡಿಕೊಡುತ್ತಿತ್ತು. ದೂರದ ರಾಜ್ಯಗಳಿಂದ ಹೊಸ ಹುಡುಗರು ನಮ್ಮ ಕಡೆಯ ಶಾಖೆಗಳಿಗೆ ಬರುತ್ತಾರೆ. ಕೌಂಟರಿನ ಮುಂದೆ ನಿಂತ ಮನುಷ್ಯ ಬೈಯುತ್ತಿದ್ದಾನೋ ಚಹಾಕ್ಕೆ ಕರೆಯುತ್ತಿದ್ದಾನೋ ತಿಳಿಯದೆ ಬೆವರುತ್ತಾರೆ. ಮೊದಲೇ ಮೊಬೈಲಿನಲ್ಲಿ ಹುಸಿ ಗಿರಾಕಿಗಳ ಜೊತೆ ಮಾತಾಡಿ ರೂಢಿ ಮಾಡಿಕೊಳ್ಳಲಿ ಅಂತ ಈ ಆಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಾಲೂಕಿಗೊಂದು ಪಾತ್ರ. ಹೆಸರು, ಸ್ವಭಾವ, ಮಾತಿನ ಧಾಟಿ ನಾನು ಕೊಡಬೇಕು. ಮುಂದೆ ಆಡೋದು ಮಶೀನು. ಶಾಲೆಯ ಗ್ಯಾದರಿಂಗಿಗೆ ಪ್ರತಿ ವರ್ಷ ನಾಟಕ ಬರೆದವನು ನಾನು. ಇದೇನು ಮಹಾ ಅಂತ ಒಪ್ಪಿಕೊಂಡೆ.

ಮೊದಲ ತಕರಾರು ಹೆಸರಿನಲ್ಲೇ ಬಂತು. ಚಿಕ್ಕೋಡಿಗೆ ರಾವಸಾಹೇಬ, ರಾಯಬಾಗಕ್ಕೆ ಬಾಪುಸಾಹೇಬ, ಕಾಗವಾಡಕ್ಕೆ ಬಾಳಾಸಾಹೇಬ ಎಂದು ಬರೆದು ಕಳಿಸಿದೆ. ಕಂಪನಿಯಲ್ಲಿ ಪಾತ್ರಗಳನ್ನು ತಿದ್ದುವ ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಫೋನು ಮಾಡಿ, ‘ಸರ್, ಐವರಲ್ಲಿ ಮೂವರು ಸಾಹೇಬರೇ ಆಗ್ಬಿಟ್ಟಿದ್ದಾರೆ. ನಮಗೆ ಸಾಮಾನ್ಯ ರೈತರು ಬೇಕಿತ್ತಲ್ಲ’ ಅಂದಳು. ‘ಇವರೇ ಸಾಮಾನ್ಯ ರೈತರು ತಂಗಿ’ ಅಂದೆ. ನಮ್ಮಲ್ಲಿ ಎರಡೆಕರೆ ಕಬ್ಬು ಇದ್ದವನೂ ತೊಟ್ಟಿಲಿಗೆ ಹಾಕಿದ ದಿನವೇ ಸಾಹೇಬನಾಗಿರುತ್ತಾನೆ. ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತ ಖರೇ ಸಾಹೇಬನ ಹೆಸರು ಕಲ್ಲಪ್ಪನೋ ಮಲ್ಲಪ್ಪನೋ ಇರುತ್ತದೆ.

ಆಮೇಲೆ ಬಾಳಾಸಾಹೇಬನ ರಾಜ್ಯ. ಅವರ ಫಾರ್ಮಿನಲ್ಲಿ ‘ರಾಜ್ಯ’ ಅಂತ ಒಂದೇ ಒಂದು ಮನೆ. ಕಾಗವಾಡದ ಮನುಷ್ಯ ವೋಟು ಹಾಕೋದು ಕರ್ನಾಟಕದಲ್ಲಿ, ಜ್ವರ ಬಂದರೆ ಹೋಗೋದು ಮೀರಜಿನ ದವಾಖಾನೆಗೆ, ಮಗಳನ್ನು ಕೊಟ್ಟಿರೋದು ಜಯಸಿಂಗಪುರದ ಕಡೆ. ಹೊಲದ ಬದುವಿನ ಮೇಲೆ ನಿಂತರೆ ಅವನ ಮೊಬೈಲಿಗೇ ತಾನು ಯಾವ ರಾಜ್ಯದಲ್ಲಿದ್ದೇನೆ ಅನ್ನೋದು ಖಾತ್ರಿ ಇರೋದಿಲ್ಲ. ಒಂದು ಮನೆಯಲ್ಲಿ ಇಷ್ಟನ್ನು ಹೆಂಗೆ ತುರುಕೋದು? ‘ಕರ್ನಾಟಕ’ ಅಂತ ಬರೆದೆ. ಬರೆಯುವಾಗ ಅವನ ಬೀಗರ ಮುಖ ಕಣ್ಣ ಮುಂದೆ ಬಂತು.

ರಾಯಬಾಗದ ಬಾಪುಸಾಹೇಬ ಮಾತ್ರ ತ್ರಾಸ ಕೊಡಲಿಲ್ಲ. ಅವನದು ಒಂದೇ ಮಾತು: ‘ಚಿಂಚಲಿ ಮಾಯಕ್ಕನ ಜಾತ್ರಿ ಮುಗೀಲಿ.’ ಸಾಲದ ಕಂತು ಜಾತ್ರೆ ಮುಗಿದ ಮೇಲೆ, ಕೆವೈಸಿ ಜಾತ್ರೆ ಮುಗಿದ ಮೇಲೆ, ಮಗನ ಮದುವೆಯೂ ಜಾತ್ರೆ ಮುಗಿದ ಮೇಲೆ. ಮಶೀನಿಗೆ ಇವನು ಸಲೀಸಾಗಿ ತಿಳಿದ. ಹಿಡಿದುಕೊಳ್ಳಲು ಅದಕ್ಕೊಂದು ತಾರೀಖು ಸಿಕ್ಕಿತ್ತಲ್ಲ.

ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕಾತಾಯಿ ನನ್ನ ಅಚ್ಚುಮೆಚ್ಚಿನವಳು. ಕೈ ಬೀಡಿ ಸುತ್ತುತ್ತಿರುತ್ತದೆ, ಕಣ್ಣು ಬಾಗಿಲ ಕಡೆ, ಬಾಯಿ ಅರ್ಧ ಮರಾಠಿ ಅರ್ಧ ಕನ್ನಡ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಇರೋದರಿಂದ ಲೆಕ್ಕವೆಲ್ಲ ಸಾವಿರದಲ್ಲೇ. ‘ಹಿನ್ನೆಲೆ, ಎರಡು ಸಾಲು’ ಅಂದಿದ್ದರು. ನಾನು ಎರಡು ಪುಟ ಬರೆದೆ. 1981ರಲ್ಲಿ ತಂಬಾಕಿಗೆ ಬೆಲೆ ಬೇಕೆಂದು ರೈತ ಮುಂದಾಳು ಶರದ ಜೋಶಿಯವರ ಹಿಂದೆ ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ವಾರಗಟ್ಟಲೆ ಬೀಡುಬಿಟ್ಟಿದ್ದು, ಕೊನೆಗೆ ಗೋಲಿಬಾರು ಆದದ್ದು, ಆಗ ಸಣ್ಣ ಹುಡುಗಿಯಾಗಿದ್ದ ಅಕ್ಕಾತಾಯಿ ಅಪ್ಪನಿಗೆ ಬುತ್ತಿ ಹೊತ್ತುಕೊಂಡು ಹೋದದ್ದು. ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅದು ‘ನಿಪ್ಪಾಣಿಯ ಮಹಿಳೆ, ವಯಸ್ಸು 52, ಶ್ರಮಜೀವಿ’ ಎಂದಾಗಿತ್ತು. ಬುತ್ತಿ ಎಲ್ಲಿ ಬಿತ್ತೋ.

ಅಥಣಿಯ ಬಾಬು ಚಪ್ಪಲಿ ಮಾಡುವವನು. ಫಾರ್ಮಿನಲ್ಲಿ ‘ಪಾತ್ರದ ಅಸಮಾಧಾನ’ ಎಂಬ ಕಾಲಮ್ಮು ಇತ್ತು. ಬಾಬುವಿಗೆ ಅದು ಸಾಲದೇ ಹೋಯಿತು. ಚರ್ಮ ಹದ ಮಾಡಿ, ಕೊಯ್ದು, ಹೆಣೆದು ಹೊಲಿಯೋದು ಅಥಣಿಯಲ್ಲಿ. ಅದರ ಹೆಸರು ಕೊಲ್ಲಾಪುರಿ! 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಪಟ್ಟ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಅಂತ ಸಮ ಪಾಲು ಮಾಡಿ ಕೊಟ್ಟರು. ಅದರಲ್ಲಿ ನಮ್ಮ ಬೆಳಗಾವಿಯೂ ಇದೆ. ಹೆಸರು ಮಾತ್ರ ಪಾಲಾಗಲಿಲ್ಲ. 2025ರಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾದವರು ಮಿಲಾನಿನಲ್ಲಿ ಅಂಥದೇ ಚಪ್ಪಲಿ ತೊಡಿಸಿ ಹುಡುಗರನ್ನು ನಡೆಸಿದಾಗ ಎದ್ದ ಗದ್ದಲದಲ್ಲೂ ನಾನು ಓದಿದ ಪೇಪರಿನ ತಲೆಬರಹದಲ್ಲಿ ಕೊಲ್ಲಾಪುರ. ಅಥಣಿ ಎಲ್ಲೋ ಕೆಳಗೆ, ಜಾಹೀರಾತಿನ ಮಗ್ಗುಲಲ್ಲಿ. ಇಷ್ಟನ್ನು ತುಂಬಿಸಿದ ಮೇಲೆ ಬಾಬು ಬ್ಯಾಂಕಿನ ಕೆಲಸವನ್ನೇ ಮರೆತ. ‘ಖಾತೆ ತೆರೆಯಬೇಕೇ?’ ಎಂದರೆ, ‘ಮೊದಲ ನಿಮ್ಮ ಕಾಲಾಗಿನೂ ಯಾವೂರವು ಹೇಳ್ರಿ’ ಅನ್ನತೊಡಗಿದ. ಅದು ಖರೇ ಮಾತು ಕೂಡ. ಚಪ್ಪಲಿ ಮಾಡುವವನು ಮನುಷ್ಯನ ಮುಖ ನೋಡೋದು ಆಮೇಲೆ, ಮೊದಲು ನೋಡೋದು ಕಾಲು. ಆದರೆ ಚಾಟಿನಲ್ಲಿ ಯಾರಿಗೂ ಕಾಲಿರೋದಿಲ್ಲ.

ಪರೀಕ್ಷೆ ಶುರುವಾಯಿತು. ಬೆಂಗಳೂರಿನ ಹುಡುಗನೊಬ್ಬ ಗುಮಾಸ್ತ, ಮಶೀನು ರಾವಸಾಹೇಬ. ನಾನು ಇಲ್ಲಿ ಕೂತು ಪರದೆ ನೋಡುತ್ತಿದ್ದೆ. ರಾವಸಾಹೇಬ ನಾನು ಬರೆದಂತೆಯೇ ‘ದೀಡ ಲಾಖ ಬೇಕಾಗಿತ್ರಿ’ ಅಂದ. ನಮ್ಮ ಕಡೆ ಕನ್ನಡದಲ್ಲಿ ಅತ್ತು ಕನ್ನಡದಲ್ಲಿ ನಕ್ಕರೂ ರೊಕ್ಕ ಎಣಿಸುವಾಗ ದೀಡ, ಅಡೀಚ, ಸಾಡೇತೀನ. ಒಂದೂವರೆ ಲಕ್ಷ ಎಂದು ಗುಮಾಸ್ತನಿಗೆ ಹೊಳೆಯಲಿಲ್ಲ. ‘ದೀಡ ಅಂದ್ರೆ ನಿಮ್ಮ ಮಗನಾ?’ ಎಂದು ಕೇಳಿದ. ಈ ಮಶೀನಿನ ಒಂದು ಗುಣವೆಂದರೆ ಅದು ಯಾರನ್ನೂ ನಿರಾಸೆ ಮಾಡೋದಿಲ್ಲ. ‘ಹೌದ್ರಿ, ನನ್ನ ಹಿರೇ ಮಗ’ ಅಂದುಬಿಟ್ಟಿತು. ಸಂಜೆಯ ಹೊತ್ತಿಗೆ ದೀಡ ನಿಪ್ಪಾಣಿಯ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಬಂದಿದ್ದ. ಅವನ ತಮ್ಮ ಅಡೀಚನೂ ಹುಟ್ಟುವ ಲಕ್ಷಣವಿತ್ತು. ಅಷ್ಟರಲ್ಲಿ ನಾನು ಫೋನು ಮಾಡಿದೆ.

ಇನ್ನೊಂದು ಸಲ ‘ನಿನ್ನ ಹೆಣಾ ಎತ್ತಲಿ’ ಎಂಬ ಮಾತಿಗೆ ಆಟವೇ ನಿಂತುಹೋಯಿತು. ಅಕ್ಕಾತಾಯಿ ಪ್ರೀತಿಯಿಂದ ಅಂದದ್ದು ಅದು. ಗುಮಾಸ್ತ ಉಂಡಿಲ್ಲ ಅಂದಿದ್ದಕ್ಕೆ. ಕಂಪನಿಯ ಜರಡಿ ಅದನ್ನು ಜೀವ ಬೆದರಿಕೆ ಎಂದು ಹಿಡಿದು ಕೆಂಪು ಪಟ್ಟಿ ತೋರಿಸಿತು.

ಅಳಿಯ ನನಗೆ ಸಮಾಧಾನ ಹೇಳಲು ಇಂಥ ಆಟಗಳ ಮೂಲಪುರುಷನ ಕಥೆ ಹೇಳಿದ. ಪುರುಷನಲ್ಲ, ಹೆಂಗಸು: ಎಲೈಝಾ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಅದರ ವಿವರ ಪ್ರಕಟಿಸಿದ. ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ನೀವು ಅಂದದ್ದನ್ನೇ ತಿರುವಿ ನಿಮಗೇ ಕೇಳುತ್ತಿದ್ದಳು. ‘ನನಗೆ ಬೇಜಾರು’ ಅಂದರೆ ‘ನಿಮಗೆ ಬೇಜಾರು ಯಾಕೆ?’ ಅಷ್ಟಕ್ಕೇ ವೈಜೆನ್‌ಬಾಮನ ಸೆಕ್ರೆಟರಿ ಅವಳೊಂದಿಗೆ ಎರಡು ಮಾತಾಡಿ, ನೀವು ಸ್ವಲ್ಪ ಹೊರಗೆ ಹೋಗಿ ಎಂದು ಅವನಿಗೇ ಹೇಳಿದಳಂತೆ. ಬರ್ನಾರ್ಡ್ ಶಾ ನಾಟಕದ ಹೂ ಮಾರುವ ಹುಡುಗಿಯ ಹೆಸರನ್ನೇ ಅವಳಿಗಿಟ್ಟಿದ್ದು. ಆ ನಾಟಕ ಪು. ಲ. ದೇಶಪಾಂಡೆಯವರ ಕೈಯಲ್ಲಿ ಮರಾಠಿಯ ‘ತೀ ಫುಲರಾಣಿ’ ಆಗಿತ್ತು. ಆ ಲೆಕ್ಕದಲ್ಲಿ ಎಲೈಝಾ ನಮಗೆ ದೂರದ ಬೀಗತಿ. ಅವಳ ವಿದ್ಯೆಯೂ ನಮಗೆ ಹೊಸದಲ್ಲ. ‘ಊಟಾ ಆತೇನ್ರಿ?’ ಅಂದರೆ ‘ನಿಮ್ದು?’ ಅನ್ನುವ ಊರು ನಮ್ಮದು. ಪ್ರಶ್ನೆಗೆ ನೇರ ಉತ್ತರ ಕೊಟ್ಟವನು ಪೊಲೀಸರ ಮುಂದೆ ನಿಂತವನಷ್ಟೇ.

ಅದೇ ರಾತ್ರಿ ನನಗೆ ಪಾರಿಜಾತ ನೆನಪಾಯಿತು. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತದಲ್ಲಿ ಹಾಡು ಹಿಂದಿನವರು ಕಟ್ಟಿಟ್ಟವು; ಭಾಗವತ ಮತ್ತು ದೂತಿಯ ನಡುವಿನ ಮಾತು ಮಾತ್ರ ಆಯಾ ಊರಿನದು. ಮುಂದಿನ ಸಾಲಿನಲ್ಲಿ ಕೂತ ಗೌಡನ ಮೀಸೆ, ಆ ವರ್ಷದ ಮಳೆ, ಚಹಾ ಕೊಡದ ಮನೆ, ಎಲ್ಲ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ದೂತಿಗೆ ಯಾರೂ ಮಾತು ಬರೆದುಕೊಡೋದಿಲ್ಲ. ಅವಳು ಎಂಥವಳು ಅನ್ನೋದಷ್ಟೇ ಅವಳಿಗೆ ಗೊತ್ತಿರುತ್ತದೆ. ನಾನು ಇಷ್ಟು ದಿನ ಮಾಡಿದ್ದೇನು? ಗ್ಯಾದರಿಂಗಿನ ಹುಡುಗರಿಗೆ ಕೊಟ್ಟಂತೆ ಮಶೀನಿಗೆ ಮಾತು ಬಾಯಿಪಾಠ ಮಾಡಿಸುತ್ತಿದ್ದೆ. ಬೆಳಿಗ್ಗೆ ಅಳಿಯನಿಗೆ, ‘ಇನ್ನ ಮಾತ ಬರ್ಯೂದಿಲ್ಲ, ಚಟಾ ಬರ್ದ ಕೊಡ್ತೇನಿ’ ಅಂದೆ.

ಚಟ ಎಲ್ಲಿಂದ ತರೋದು? ಓಣಿಯಾಚೆ ನಮ್ಮ ಕಾಕು ಇದ್ದಾಳೆ, ವಯಸ್ಸು ಎಂಬತ್ತರ ಮೇಲೆ. ಅವಳಿಗೆ ಐನೂರು ರೂಪಾಯಿ ಬೇಕಾಗಿದೆ ಅನ್ನಿ. ಬರುತ್ತಾಳೆ, ಕಂಬಕ್ಕೆ ಬೆನ್ನು ಕೊಟ್ಟು ಕೂತು, ಚಂಚಿಯ ದಾರ ಬಿಚ್ಚುತ್ತಾಳೆ. ಎಲೆಯ ನಾರು ತೆಗೆಯುತ್ತ ಕಾರ್ಖಾನೆಯವರು ಕಬ್ಬಿನ ಬಿಲ್ಲು ಕೊಡದ್ದು, ಅಡಕೆ ಕತ್ತರಿಸುತ್ತ ಸೊಸೆಯ ಕಾಲುನೋವು, ಸುಣ್ಣ ಹಚ್ಚುತ್ತ ದೂಧಗಂಗೆಗೆ ನೀರು ಬಂದದ್ದು. ರೊಕ್ಕದ ಸುದ್ದಿ ಇಲ್ಲ. ಒಂದು ತಾಸಾದ ಮೇಲೆ ‘ಬರ್ತೇನಪಾ’ ಎಂದು ಏಳುತ್ತಾಳೆ. ಹೊಸ್ತಿಲ ತನಕ ಹೋಗಿ, ಚೌಕಟ್ಟಿನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ ಅಂಗಳದ ಕಡೆ ನೋಡುತ್ತ ಅನ್ನುತ್ತಾಳೆ: ‘ಅಲ್ಲೋ, ಒಂದ ಮಾತ ಕೇಳೂದಿತ್ತು.’

ಇದನ್ನು ರಾವಸಾಹೇಬನಿಗೆ ಕೊಟ್ಟೆ. ಮೊದಲ ದಿನ ಅವನು ‘ಬರ್ತೇನ್ರಿ’ ಅಂದ ಕೂಡಲೇ ಮಶೀನು ಇವನು ಈಗ ಬರುತ್ತಿದ್ದಾನೆ ಎಂದು ತಿಳಿದು ‘ನಮಸ್ಕಾರ್ರಿ, ನಾ ರಾವಸಾಹೇಬ’ ಅಂತ ಮತ್ತೆ ಮೊದಲಿನಿಂದ ಶುರು ಮಾಡಿತು. ಪಾಪ, ಒಂದೇ ಮಧ್ಯಾಹ್ನ ನಾಲ್ಕು ಸಲ ಬ್ಯಾಂಕಿನ ಒಳಗೆ ಹೊರಗೆ ಓಡಾಡಿದ. ಅದನ್ನು ತಿದ್ದಿದರು. ಮರುದಿನ ‘ಬರ್ತೇನ್ರಿ’ ಅಂದದ್ದೇ ಮಾತು ಮುಗಿಯಿತೆಂದು ಅಂಗಡಿ ಮುಚ್ಚಿ, ಗುಮಾಸ್ತನಿಗೆ ಹತ್ತಕ್ಕೆ ಹತ್ತು ಕೊಟ್ಟು, ‘ಗ್ರಾಹಕ ಸಂತೃಪ್ತ’ ಎಂದು ತೋರಿಸಿತು. ಸಾಲ ಕೇಳಲು ಬಂದವನು ಕೇಳದೇ ಹೋಗಿದ್ದ! ‘ಅಂವಾ ಹೋಗಿಲ್ಲಪಾ, ಹೊಸ್ತಿಲದಾಗ ನಿಂತಾನ’ ಎಂದು ಅಳಿಯನಿಗೆ ತಿಳಿಸುವಷ್ಟರಲ್ಲಿ ನನ್ನ ಚಹಾ ಎರಡು ಸಲ ಆರಿತು.

ತಿದ್ದುಪಡಿ ಆಗಿ ಬಂದ ದಿನ ಕಾಕು ನಮ್ಮಲ್ಲೇ ಇದ್ದಳು. ಓದು ಬಾರದವಳು. ನಾನು ಪರದೆಯ ಮೇಲಿನದನ್ನು ಓದಿ ಹೇಳಿದೆ, ಅವಳು ಅಂದದ್ದನ್ನು ಬೆರಳಚ್ಚಿಸಿದೆ.

‘ಯಾವೂರಾಂವಂತ?’

‘ಚಿಕ್ಕೋಡಿ ತಾಲೂಕ ಅಂತಾನ.’

‘ತಾಲೂಕ ಯಾರ ಕೇಳ್ಯಾರ? ಊರ ಕೇಳ.’

ಯಕ್ಸಂಬಾದ ಹತ್ತಿರ ಹೊಲವಿದೆ ಅಂದ. ಯಾರ ಪೈಕಿ ಅಂದಳು. ಕಬ್ಬು ಎಷ್ಟು ಗುಂಟೆ, ಬಾವಿಯೋ ಹೊಳೆಯೋ, ಹೆಂಡತಿಯ ತವರು ಯಾವುದು. ಮುಕ್ಕಾಲು ತಾಸು ಕಳೆಯಿತು. ಬ್ಯಾಂಕು ಎಂಬ ಶಬ್ದ ಇಬ್ಬರ ಬಾಯಲ್ಲೂ ಬರಲಿಲ್ಲ. ಕೊನೆಗೆ ಪರದೆಯ ಮೇಲೆ ಬಂತು: ‘ಹಂಗಾದ್ರ ಬರ್ತೇನ್ರಿ ಕಾಕು.’

ನನ್ನ ಬೆರಳು ನೋಯುತ್ತಿತ್ತು. ಮುಗಿಯಿತೆಂದು ಮೊಬೈಲು ಕೆಳಗಿಡಲು ಹೋದೆ.

‘ತಡಿ, ಮುಚ್ಚಬ್ಯಾಡ’ ಅಂದಳು ಕಾಕು. ‘ಅಂವಾ ಬಂದಿದ್ದ ಮಾತ ಇನ್ನೂ ಆಡಿಲ್ಲ.’

ಪರದೆಯ ಮೇಲೆ ಮೂರು ಚುಕ್ಕೆ ಕುಣಿದವು. ‘ಅಲ್ರಿ ಕಾಕು, ಒಂದ ಮಾತ ಕೇಳೂದಿತ್ತು’ ಎಂದು ಓದಿದೆ.

ಕಾಕು ಬಾಯೊಳಗಿನ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು.

‘ಎಷ್ಟ ಬೇಕಂತ ಕೇಳ.’