ಸದ್ಯಕ್ಕೆ ಡಾಕ್ಟರು

ಶ್ರೀಮಂಗಲದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡು ಯಾರಾದರೂ "ಈಗ ಎಲ್ಲಿದ್ದೀರಿ?" ಎಂದು ಕೇಳಿದರೆ ಉತ್ತರ "ಸದ್ಯಕ್ಕೆ" ಎಂದೇ ಶುರುವಾಗುತ್ತದೆ. 2005ರಲ್ಲಿ ಸಿಇಟಿ ಬರೆದು ಸೀಟು ಸಿಕ್ಕಾಗ ಸದ್ಯಕ್ಕೆ ಎಂಬಿಬಿಎಸ್ ಇತ್ತು. ನಾಲ್ಕೂವರೆ ವರ್ಷ ಕಳೆದ ಮೇಲೆ ಸದ್ಯಕ್ಕೆ ಇಂಟರ್ನ್‌ಶಿಪ್ ಆಯಿತು. ಆಮೇಲೆ ಸದ್ಯಕ್ಕೆ ಪಿಜಿ ಎಂಟ್ರೆನ್ಸಿಗೆ ಓದುತ್ತಿದ್ದರು. ಈ ಸದ್ಯ ಮಾತ್ರ ತುಸು ಉದ್ದವಾಯಿತು, ಅದು ಮುಗಿಯುವಷ್ಟರಲ್ಲಿ ಪರೀಕ್ಷೆಯ ಹೆಸರೇ ಬದಲಾಗಿ ನೀಟ್ ಆಗಿತ್ತು. ಮತ್ತೆ ಸದ್ಯಕ್ಕೆ ಎಂಡಿ, ಸದ್ಯಕ್ಕೆ ಸೀನಿಯರ್ ರೆಸಿಡೆಂಟ್, ಸದ್ಯಕ್ಕೆ ಅಸಿಸ್ಟೆಂಟ್ ಪ್ರೊಫೆಸರ್. ಈಗ ಸದ್ಯಕ್ಕೆ ಪಿಎಚ್‌ಡಿಯೂ ಸೇರಿಕೊಂಡಿದೆ. ಊರು ಸುಮ್ಮನಿರುತ್ತದೆಯೇ? "ಸದ್ಯಕ್ಕೆ ಡಾಕ್ಟರು" ಎಂದು ಹೆಸರಿಟ್ಟಿತು.

ಈ ಜಾತಿಯ ಡಾಕ್ಟರು ಈಗ ಊರಿಗೊಬ್ಬರಾದರೂ ಇದ್ದಾರೆ. ಕುತ್ತಿಗೆಗೆ ಸ್ಟೆತಸ್ಕೋಪ್ ಇಲ್ಲ, ಕೈಯಲ್ಲಿ ಲ್ಯಾಪ್‌ಟಾಪ್ ಚೀಲ. ಹಬ್ಬಕ್ಕೆ ಬಂದರೂ ಮನೆಯಲ್ಲಿ ನೆಟ್‌ವರ್ಕ್ ಇಲ್ಲವೆಂದು ತೋಟದ ದಿಬ್ಬ ಹತ್ತಿ ನಿಂತಿರುತ್ತಾರೆ. ಆನೆ ಬಂದಿದೆಯೆಂದು ಕೂಗಿದರೆ "ಎರಡು ನಿಮಿಷ, ಫೈಲ್ ಅಪ್‌ಲೋಡ್ ಆಗ್ತಾ ಇದೆ" ಎನ್ನುತ್ತಾರೆ. ಇಷ್ಟೆಲ್ಲ ಓದಿದ ಮಹಾಶಯರಿಗೆ ನಮ್ಮ ಮೊಣಕಾಲು ತೋರಿಸಿದರೆ ಮಾತ್ರ ಪ್ರಯೋಜನವಿಲ್ಲ.

ಅವರದು ಬಯೋಕೆಮಿಸ್ಟ್ರಿ. ಈ ಸುದ್ದಿ ಊರಿಗೆ ಬಂದ ದಿನ ಅವರ ದೊಡ್ಡಮ್ಮ ಕೇಳಿದ್ದರು: "ಅದು ಹೊಟ್ಟೆಯಿಂದ ಮೇಲಿನದೋ, ಕೆಳಗಿನದೋ?" ಡಾಕ್ಟರು, ಪಾಪ, ಶ್ರದ್ಧೆಯಿಂದ "ಮೈಯಲ್ಲೆಲ್ಲ ಇರುವುದೇ ದೊಡ್ಡಮ್ಮ" ಎಂದರು. "ಹಾಗಾದರೆ ಈ ಮೊಣಕಾಲಲ್ಲೂ ಇರಬೇಕಲ್ಲ, ನೋಡು" ಎಂದು ಸೀರೆ ಎತ್ತಿ ಕಾಲು ಮುಂದೆ ಚಾಚಿದರು. ಡಾಕ್ಟರು ಅದನ್ನು ಬೇಲೂರಿನ ಶಿಲ್ಪ ನೋಡುವಂತೆ ಭಕ್ತಿಯಿಂದ ನೋಡಿ, ಮುಟ್ಟದೆ, "ನನ್ನ ಕ್ಲಾಸ್‌ಮೇಟ್ ಒಬ್ಬ ಮೈಸೂರಲ್ಲಿದ್ದಾನೆ" ಎಂದರು. ಅವರು ಈವರೆಗೆ ಊರಿಗೆ ಬರೆದುಕೊಟ್ಟ ಔಷಧಿ ಇದೊಂದೇ. ತಲೆನೋವಿಗೂ ಕ್ಲಾಸ್‌ಮೇಟ್, ಉರಿಮೂತ್ರಕ್ಕೂ ಕ್ಲಾಸ್‌ಮೇಟ್.

ಅವರ ಅಪ್ಪ ನಿವೃತ್ತ ಸುಬೇದಾರರು. ಕೊಡಗಿನಲ್ಲಿ ಮಗನ ಏಳಿಗೆ ಅಳೆಯುವುದಕ್ಕೆ ಸೈನ್ಯದ ರ‍್ಯಾಂಕಿಗಿಂತ ಒಳ್ಳೆಯ ಅಳತೆಗೋಲು ಎಲ್ಲಿದೆ? ಎಂಬಿಬಿಎಸ್ ಆದಾಗ "ಲೆಫ್ಟಿನೆಂಟ್" ಎಂದು ಹೇಳಿಕೊಂಡು ಓಡಾಡಿದರು. ಎಂಡಿ ಆದಾಗ ಕ್ಯಾಪ್ಟನ್. ಅಸಿಸ್ಟೆಂಟ್ ಪ್ರೊಫೆಸರ್ ಆದದ್ದೇ ಮೇಜರ್ ಮಾಡಿ ಕ್ಯಾಂಟೀನಿನ ಬಾಟಲಿ ಒಡೆದು ನಮಗೆಲ್ಲ ಕುಡಿಸಿದರು. ಅಲ್ಲಿಗೆ ಬಡ್ತಿ ನಿಂತಿತು. "ಯಾವ ಯುದ್ಧ ಸೋತ ಅಂತ ಇವನನ್ನು ಮೇಜರಾಗಿಯೇ ಇಟ್ಟಿದ್ದಾರೆ?" ಎಂದು ಈಗ ನನ್ನ ಮುಂದೆ ಗೊಣಗುತ್ತಾರೆ. 2016ರಲ್ಲಿ ಮಡಿಕೇರಿಯಲ್ಲೇ ಮೆಡಿಕಲ್ ಕಾಲೇಜು ಶುರುವಾದಾಗ ಮಗ ಇನ್ನು ಮನೆಯ ಹತ್ತಿರ ಬಂದ ಎಂದೇ ನಂಬಿದ್ದರು. ಅವನಿಗೆ ಕೆಲಸ ಸಿಕ್ಕಿದ್ದು ಬೇರೆ ಜಿಲ್ಲೆಯಲ್ಲಿ. ಸದ್ಯಕ್ಕೆ.

ಬಡ್ತಿ ನಿಂತದ್ದೇಕೆಂದು ನನಗೆ ಗೊತ್ತು, ಏಕೆಂದರೆ ಅದರಲ್ಲಿ ನನ್ನದೂ ಕೈಯಿದೆ. ಅಸಿಸ್ಟೆಂಟ್ ಅಸೋಸಿಯೇಟ್ ಆಗಬೇಕಾದರೆ ನಾಲ್ಕು ವರ್ಷ ಪಾಠ ಮಾಡಿರಬೇಕು. ಪಾಠ ಹೇಳುವುದು ಹೇಗೆಂಬ ತರಬೇತಿ, ಸಂಶೋಧನೆ ಮಾಡುವುದು ಹೇಗೆಂಬ ಆನ್‌ಲೈನ್ ಕೋರ್ಸು ಎರಡೂ ಮುಗಿದಿರಬೇಕು. ಜೊತೆಗೆ ಎರಡು ಸಂಶೋಧನಾ ಪ್ರಬಂಧ ಅಚ್ಚಾಗಬೇಕು. ನಮ್ಮ ರಾಶಿಯವರು ಡಾಕ್ಟರಿಕೆ ಮಾಡಿಕೊಂಡೇ 1942ರಲ್ಲಿ 'ಕೊರವಂಜಿ' ಪತ್ರಿಕೆ ತೆಗೆದು ನಾಡನ್ನೆಲ್ಲ ನಗಿಸಿದರಲ್ಲ, ಈ ಎರಡು ಪ್ರಬಂಧದ ಕಾಟ ಇದ್ದಿದ್ದರೆ ಅವರಿಗೆ ನಗು ಬರುತ್ತಿತ್ತೇ? ನಮ್ಮ ಡಾಕ್ಟರದು ಒಂದು ಹೇಗೋ ಅಚ್ಚಾಗಿತ್ತು. ಎರಡನೆಯದಕ್ಕೆ ಅವರು ಕಣ್ಣು ಹಾಕಿದ್ದು ಮದ್ದು ಸೊಪ್ಪಿನ ಮೇಲೆ.

ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಕ್ಕಡ ಎಂದರೆ ನಮ್ಮ ಆಟಿ ತಿಂಗಳು, ಮಳೆ ಬಿಡುವು ಕೊಡದ ಕಾಲ. ಅದರ ಹದಿನೆಂಟನೆಯ ದಿನ ಈ ಸೊಪ್ಪಿಗೆ ಹದಿನೆಂಟು ಔಷಧಿಗಳ ಸತ್ವ ಬಂದು ಸೇರುತ್ತದೆಂಬ ನಂಬಿಕೆ. ಬೇಯಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿದ ಪಾಯಸ ಅಂದು ಮನೆಮನೆಯಲ್ಲೂ. ಸೊಪ್ಪಿನ ಶಾಸ್ತ್ರೀಯ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್ ಎಂದು ಡಾಕ್ಟರೇ ನನಗೆ ಕಲಿಸಿದ್ದು. ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನಮಗದು ಔಷಧಿ ಮೈಗೆ ಹತ್ತಿದ ಗುರುತು. ಹೊರಗಿನಿಂದ ಬಂದ ಅಳಿಯಂದಿರು ಮಾತ್ರ ಬೆಳಿಗ್ಗೆ ಬಚ್ಚಲಿನಿಂದ ಬಿಳುಚಿಕೊಂಡು ಹೊರಬಂದು ಯಾರಿಗೂ ಹೇಳಲಾಗದೆ ಒದ್ದಾಡುತ್ತಾರೆ.

ಮೂರು ವರ್ಷದ ಹಿಂದಿನ ಕಕ್ಕಡ ಹದಿನೆಂಟಕ್ಕೆ ಡಾಕ್ಟರು ನಲವತ್ತು ಪ್ಲಾಸ್ಟಿಕ್ ಬಾಟಲಿ, ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಹಿಡಿದು ಊರಿಗೆ ಬಂದಿಳಿದರು. ಪಾಯಸ ತಿಂದವರು ಇಪ್ಪತ್ತು ಜನ, ತಿನ್ನದವರು ಇಪ್ಪತ್ತು ಜನ ಬೇಕು. ತಿಂದವರು ಅರ್ಧ ಗಂಟೆಯಲ್ಲಿ ಸಿಕ್ಕರು. ತಿನ್ನದವರನ್ನು ಶ್ರೀಮಂಗಲದಲ್ಲಿ ಎಲ್ಲಿ ಹುಡುಕುವುದು? ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರನ್ನು ಕೇಳೋಣವೆಂದು ಲೈನ್ ಮನೆಗಳಿಗೆ ಹೋದರೆ, ತೋಟದ ಯಜಮಾನಿ ಆಗಲೇ ಒಂದು ಬಕೆಟ್ ಪಾಯಸ ಕಳಿಸಿಯಾಗಿತ್ತು. ಸಂಜೆಯ ಹೊತ್ತಿಗೆ ಪಟ್ಟಿ ಹನ್ನೊಂದಕ್ಕೆ ನಿಂತಿತು. ಅದರಲ್ಲೂ ಮೂವರು ಕುಟ್ಟದಿಂದ ಬಂದ ಡ್ರೈವರುಗಳು. ಕೊಡೆಯಿಂದ ನೀರು ಸುರಿಸುತ್ತ ನಮ್ಮ ಜಗುಲಿ ಹತ್ತಿದ ಡಾಕ್ಟರು ಕೇಳಿದರು:

"ಮಾಷ್ಟ್ರೇ, ನಿಮಗೆ ಶುಗರ್ ಅಲ್ವಾ? ನೀವು ಪಾಯಸ ತಿನ್ನಲ್ಲ ಅಲ್ವಾ?"

ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳೆದುರು ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ.

ಸಕ್ಕರೆ ಕಾಯಿಲೆಯವನನ್ನು ಇಂಥ ಹೋಲಿಕೆಗೆ ತೆಗೆದುಕೊಳ್ಳಬಹುದೇ ಎಂದು ಓದುಗರಲ್ಲಿ ಡಾಕ್ಟರರಿದ್ದರೆ ಕೇಳಬಹುದು. ನಮ್ಮ ಡಾಕ್ಟರೂ ಕ್ಷಣ ಹೊತ್ತು ಯೋಚಿಸಿದರು, ಪಟ್ಟಿ ನೋಡಿ ಸುಮ್ಮನಾದರು. ಒಪ್ಪಿಗೆ ಪತ್ರವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. "ನಾನು ಸ್ವಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ ಭಾಗವಹಿಸುತ್ತಿದ್ದು, ಯಾವ ಹಂತದಲ್ಲಿ ಬೇಕಾದರೂ ಕಾರಣ ನೀಡದೆ ಹೊರಬರಬಹುದು." ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಷ್ಟು ಉದಾರವಾದ ಕಾಗದಕ್ಕೆ ನಾನು ಸಹಿ ಹಾಕಿದ್ದೇ ಇಲ್ಲ.

ರಾತ್ರಿ ಹತ್ತಕ್ಕೆ ಕರೆಂಟು ಹೋಯಿತು. ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಅಡುಗೆಮನೆಗೆ ನೀರು ಕುಡಿಯಲೆಂದೇ ಹೋದೆ. ಪಾತ್ರೆಯ ಮುಚ್ಚಳ ಯಾಕೆ ತೆಗೆದೆನೆಂದು ಇವತ್ತಿಗೂ ಹೇಳಲಾರೆ. ಇಡೀ ಊರು ತಿಂದ ದಿನ ನಾನೊಬ್ಬ ವಿಜ್ಞಾನಕ್ಕಾಗಿ ಉಪವಾಸ ಮಲಗುವುದು ಯಾವ ನ್ಯಾಯ?

ಬೆಳಿಗ್ಗೆ ಬಾಟಲಿ ಕೆಂಪಗಿತ್ತು. ಸಾಮಾನ್ಯ ಕೆಂಪಲ್ಲ, ಸಾಕ್ಷಿ ಹೇಳುವ ಕೆಂಪು. ನೀರು ಬೆರೆಸಲೇ, ಕಳೆದುಹೋಯಿತು ಎನ್ನಲೇ, ಕಾರಣ ನೀಡದೆ ಹೊರಬರಲೇ ಎಂದೆಲ್ಲ ಯೋಚಿಸುತ್ತಿರುವಾಗಲೇ ಡಾಕ್ಟರು ಬಂದರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಮಾತು.

"ಎಷ್ಟು ಚಮಚ?"

"ಮೂರು."

"ಚಮಚ?"

"ಬಟ್ಟಲು."

ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು. "ಅದೊಂದನ್ನು ಬಿಸಾಡಿ, ನಾನೇನು ಯಾರಿಗಾದರೂ ಹೇಳುತ್ತೇನೆಯೇ" ಎಂದೆ. ತಲೆಯಾಡಿಸಿ, "ಕೈಬಿಟ್ಟವರ ಲೆಕ್ಕವನ್ನೂ ಕೊಡಬೇಕು ಮಾಷ್ಟ್ರೇ" ಎಂದರು. ಕೊಟ್ಟರು ಕೂಡ. ಹೋಲಿಕೆಯ ಗುಂಪು ಸಾಲದು, ಅದರಲ್ಲೊಬ್ಬ ಮಾತಿಗೆ ತಪ್ಪಿದ್ದಾನೆ ಎಂದು ಪ್ರಬಂಧ ವಾಪಸು ಬಂತು. ಇಪ್ಪತ್ತು ಎಂದು ಬರೆದಿದ್ದರೆ ಯಾರು ಶ್ರೀಮಂಗಲಕ್ಕೆ ಬಂದು ಎಣಿಸುತ್ತಿದ್ದರು? ಸುಬೇದಾರರಿಗೆ ಈ ಕಥೆ ನಾನಿನ್ನೂ ಹೇಳಿಲ್ಲ. ಅವರ ಮನೆಯಲ್ಲಿ ಕೋವಿ ಇದೆ.

ಆ ದಿನ ಇನ್ನೊಂದು ನಡೆಯಿತು. ಪುಸ್ತಕ ಮುಚ್ಚಿದವರು ಚೀಲದಿಂದ ಸಣ್ಣ ಯಂತ್ರ ತೆಗೆದು ನನ್ನ ಬೆರಳು ಚುಚ್ಚಿದರು. ಅಂಕಿ ನೋಡಿ ಮುಖ ಸಪ್ಪಗಾಯಿತು. ದಿಬ್ಬ ಹತ್ತಿ ಕ್ಲಾಸ್‌ಮೇಟಿಗೆ ಫೋನು ಮಾಡಿದರು. ಮಧ್ಯಾಹ್ನವೇ ತಮ್ಮ ಕಾರಿನಲ್ಲಿ ಗೋಣಿಕೊಪ್ಪಕ್ಕೆ ಕರೆದುಕೊಂಡು ಹೋಗಿ ಮಾತ್ರೆ ಬದಲಿಸಿ ತಂದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನು ಬರುತ್ತದೆ. ಕ್ಷೇಮವಾ ಎಂದು ಕೇಳುವುದಿಲ್ಲ, "ಫಾಸ್ಟಿಂಗ್ ಎಷ್ಟು?" ಎಂದೇ ಶುರು. ನಮ್ಮ ಮಗ ಬೆಂಗಳೂರಿನಿಂದ ಫೋನು ಮಾಡುವುದು ತಿಂಗಳಿಗೊಮ್ಮೆ, ಅದೂ ಕರಿಮೆಣಸಿನ ರೇಟು ಕೇಳಲು. ಅಂಕಿ ಹೆಚ್ಚಿದ್ದರೆ ಡಾಕ್ಟರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಕಷ್ಟ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ನೀವು ರೋಗಿಗಳನ್ನು ನೋಡುವ ಡಾಕ್ಟರಲ್ಲವಲ್ಲ, ಮತ್ತೆ ಇದೆಂತದು?"

"ಸದ್ಯಕ್ಕೆ ನಿಮ್ಮೊಬ್ಬರನ್ನು ನೋಡ್ತಾ ಇದ್ದೇನೆ" ಎಂದರು.

ನನ್ನ ಅಂಕಿಗಳೂ ಯಾವುದೋ ಪ್ರಬಂಧಕ್ಕೆ ಸೇರುತ್ತಿವೆಯೋ ಎಂಬ ಅನುಮಾನ ನನಗಿದ್ದೇ ಇದೆ. ಸೇರಲಿ, ಒಂದು ಬಾಕಿ ತೀರಿದಂತಾಯಿತು.

ಈ ಸಲದ ಕಕ್ಕಡ ಹದಿನೆಂಟಕ್ಕೆ, ಎಂದರೆ ಆಗಸ್ಟ್ 3ರ ಹೊತ್ತಿಗೆ, ಅವರು ಮತ್ತೆ ಬಾಟಲಿ ಸಮೇತ ಬರುತ್ತಿದ್ದಾರೆ. ಹಳೆಯ ಹನ್ನೊಂದು ಮಂದಿ ಒಪ್ಪಿದ್ದಾರೆ, ಇನ್ನೂ ಒಂಬತ್ತು ಜನ ಬೇಕು. ಶ್ರೀಮಂಗಲ, ಟಿ. ಶೆಟ್ಟಿಗೇರಿ, ಬಿರುನಾಣಿ, ಕುಟ್ಟದ ಕಡೆ ಆ ಒಂದು ದಿನ ಪಾಯಸ ಮುಟ್ಟದೆ ಇರಬಲ್ಲ ಗಟ್ಟಿ ಮನಸ್ಸಿನವರು ಇದ್ದರೆ ಬಸ್ ನಿಲ್ದಾಣದಲ್ಲಿ ನನ್ನನ್ನು ಕಾಣಿ. ಸಕ್ಕರೆ ಕಾಯಿಲೆಯವರು ಬೇಡ. ಬಾಟಲಿ ಅವರೇ ಕೊಡುತ್ತಾರೆ.