ಕಿವಿ ಚೆನ್ನಾಗಿಯೇ ಇದೆ, ಜನ ಸರಿಯಿಲ್ಲ

ಬಂಗಾರಪೇಟೆ ಜನಕ್ಕೆ ಈಚೆಗೆ ಏನೋ ಆಗಿದೆ. ಎಲ್ಲರೂ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡವರ ಹಾಗೆ ಗೊಣಗುತ್ತಾರೆ. ಮೊದಲು ಶುರುಮಾಡಿದವಳು ನನ್ನ ಹೆಂಡತಿ. "ರೀ, ಬರ್ತಾ ಸೊಪ್ಪು ತನ್ನಿ" ಅಂದಳಂತೆ. ನಾನು ಉಪ್ಪು ತಂದೆ. ಮುಂದಿನ ವಾರವೂ ಉಪ್ಪೇ ತಂದೆ. ಈಗ ನಮ್ಮ ಮನೆ ಉಪ್ಪಿನಲ್ಲಿ ಇಡೀ ಬೀದಿಗೆ ಉಪ್ಪಿನಕಾಯಿ ಹಾಕಬಹುದು.

"ನಿಮಗೆ ಕಿವಿ ಮಂದ ಆಗಿದೆ" ಅಂದಳು.

"ಮಾರಿಕುಪ್ಪಂ ರೈಲಿನ ಹಾರನ್ನು ಮಲಗಿದಲ್ಲೇ ಕೇಳಿಸುತ್ತೆ ಕಣೇ!"

"ಹಾರನ್ನು ಸೊಪ್ಪು ತನ್ನಿ ಅನ್ನುತ್ತಾ?"

ಇಂಥವಳ ಹತ್ತಿರ ವಾದ ಮಾಡಬಾರದು. ಎಲ್ಲದಕ್ಕೂ ನಕ್ಕು "ಹೂಂ" ಅನ್ನುವ ಉಪಾಯ ಹಿಡಿದೆ. ನಿಮ್ಮ ಮನೆಯಲ್ಲೂ ಹೀಗೆ ಹೂಂ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಪಾನಿಪುರಿ ಗಾಡಿಯವನು ಆ ಗದ್ದಲದಲ್ಲಿ ಏನೋ ಕೇಳಿದ. ಹೂಂ ಅಂದೆ. ನಮ್ಮೂರ ಪಾನಿ ನೋಡೋಕೆ ತಿಳಿನೀರು, ಖಾರದ ಸುಳಿವೇ ಕೊಡುವುದಿಲ್ಲ. ಅವನು ಕೇಳಿದ್ದು "ಖಾರ ಜಾಸ್ತಿ ಹಾಕ್ಲಾ" ಅಂತ, ಕಣ್ಣೀರು ಒರೆಸಿಕೊಳ್ಳುವಾಗ ತಿಳಿಯಿತು.

ಅಳಿಯ ಬಂದು ತಲೆ ತಗ್ಗಿಸಿ, "ಮಾವ, ಸ್ವಲ್ಪ ಸಾಲ ಬೇಕಿತ್ತು" ಅಂದ. ನನಗೆ ಕೇಳಿಸಿದ್ದು ಹಾಲು. "ಅದಕ್ಕೆಲ್ಲ ಕೇಳ್ತಾರೇನಪ್ಪಾ! ನಿಮ್ಮತ್ತೇನ ಕೇಳು, ಎಷ್ಟು ಬೇಕೋ ಕೊಡ್ತಾಳೆ." ಆವತ್ತಿನಿಂದ ಅಳಿಯನ ದೃಷ್ಟಿಯಲ್ಲಿ ನಾನು ಕರ್ಣ. ಹೆಂಡತಿಯ ದೃಷ್ಟಿಯಲ್ಲೂ ಕರ್ಣನೇ, ಆದರೆ ಅವಳು ಹೇಳೋದು ಕಿವಿಯ ವಿಚಾರ.

ಕೆಜಿಎಫ್‌ನಲ್ಲಿ ನನ್ನೊಬ್ಬ ಹಿರಿಯ ಸ್ನೇಹಿತರಿದ್ದಾರೆ. ಚಾಂಪಿಯನ್ ರೀಫ್ ಗಣಿಯ ಪಾತಾಳದಲ್ಲಿ ಬಂಡೆ ಕೊರೆಯುವ ಮೆಷೀನು ಹಿಡಿದವರು. 2001ರಲ್ಲಿ ಗಣಿ ಮುಚ್ಚಿತು. ಅವರ ಕಿವಿಯೊಳಗಿನ ಮೆಷೀನು ಮಾತ್ರ ಇನ್ನೂ ನಿಂತಿಲ್ಲ, ರಾತ್ರಿಯೆಲ್ಲ ಗುಂಯ್ ಅನ್ನುತ್ತದಂತೆ. ಅವರ ಕಿವಿ ಚಿನ್ನಕ್ಕಾಗಿ ಹೋಯಿತು ಅನ್ನಬಹುದು. ನಾನು ಗುಮಾಸ್ತಗಿರಿ ಮಾಡಿದವನು, ನಮ್ಮ ಆಫೀಸಿನಲ್ಲಿದ್ದ ಶಬ್ದ ಅಂದರೆ ಗೊರಕೆ. ನಾವಿಬ್ಬರೂ ಜಗಲಿಯಲ್ಲಿ ಕ್ಷೇಮಸಮಾಚಾರ ಮಾತಾಡುತ್ತಿದ್ದರೆ ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿಬಂದರು. ಇನ್ನೊಮ್ಮೆ ಆ ಪಕ್ಕದ ಮನೆಯವರೇ ಹೇಳಿದ್ದು: "ನಿಮ್ಮನೆ ಟೀವಿ ಇದ್ರೆ ನಮಗೆ ಟೀವಿ ಬೇಕಾಗಿಲ್ಲ ಸಾರ್."

ಕೊನೆಗೆ ಹೆಂಡತಿ ಪರೀಕ್ಷೆಗೆ ಎಳೆದುಕೊಂಡು ಹೋದಳು. ನನ್ನ ಹಾರನ್ ವಾದವನ್ನು ಡಾಕ್ಟರು ಒಂದೇ ಮಾತಿಗೆ ಮುಗಿಸಿದರು: ವಯಸ್ಸಾದಂತೆ ಮೊದಲು ಹೋಗೋದು ಸಣ್ಣ, ಕೀಚು ಶಬ್ದಗಳು. ದಪ್ಪ ಶಬ್ದ ಉಳಿಯುತ್ತೆ. ಸ, ಶ ಜಾರುತ್ತವೆ, ಮಕ್ಕಳ ದನಿ, ಹೆಂಗಸರ ದನಿ ಮಸುಕಾಗುತ್ತವೆ. "ನೋಡಿದ್ಯಾ, ವಿಜ್ಞಾನವೇ ಹೇಳ್ತಿದೆ!" ಎಂದು ಹೆಂಡತಿಯ ಕಡೆ ಬೀಗಿದೆ. ಅವಳು ಏನೋ ಅಂದಳು. ಹೂಂ ಅಂದೆ. ಡಾಕ್ಟರು ಪಕ್ಕಕ್ಕೆ ತಿರುಗಿ ನಕ್ಕರು.

ಆಮೇಲೆ ಗಾಜಿನ ಕಿಟಕಿಯ ಚಿಕ್ಕ ಕೋಣೆ. ತಲೆಗೆ ಹೆಡ್‌ಫೋನು, ಕೈಗೊಂದು ಗುಂಡಿ. ಶಬ್ದ ಕೇಳಿಸಿದಾಗಲೆಲ್ಲ ಒತ್ತಬೇಕು. ಪರೀಕ್ಷೆಯಲ್ಲಿ ಫೇಲಾಗುವ ವಂಶ ನಮ್ಮದಲ್ಲ. ಗಾಜಿನಾಚೆ ಕೂತ ಹುಡುಗಿಯ ಕೈಯನ್ನೇ ನೋಡುತ್ತಾ, ಅದು ಅಲುಗಿದಾಗಲೆಲ್ಲ ಟಪಟಪ ಒತ್ತಿದೆ. ಆಕೆ ಬಾಗಿಲು ತೆಗೆದು ಒಳಗೆ ಬಂದು, ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದಳು:

"ಅಂಕಲ್, ನಾನಿನ್ನೂ ಶಬ್ದ ಹಾಕಿಲ್ಲ. ನಿಮ್ಮ ಹೆಸರು ಬರ್ಕೊಳ್ತಿದ್ದೆ."