ಮರುಜನ್ಮಕ್ಕೆ ಅರ್ಜಿ ಹಾಕಿದ ಬಾಟ್ಲಿ

ಕುಮಟಾ ಬಳಿಯ ಧಾರೇಶ್ವರದ ಕಡಲತಡಿಯಲ್ಲಿ ಮುಚ್ಚಳ ಕಳೆದುಕೊಂಡು, ಅರ್ಧ ಹೊಯ್ಗೆಯಲ್ಲಿ ಹೂತು ಮಲಗಿದ್ದ ಒಂದು ಲೀಟರಿನ ನೀರಿನ ಬಾಟ್ಲಿ ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಮಾತು ಮುಗಿದ ಮೇಲೆ ಒದೆಯಬಾರದು.

ಪ್ರಶ್ನೆ: ಇಲ್ಲಿಗೆ ಹೇಗೆ ಬಂದಿರಿ?

ಬಾಟ್ಲಿ: ಕಾರಿನ ಕಿಟಕಿಯಿಂದ, ಮಾರಾಯ್ರೆ. ಮುರ್ಡೇಶ್ವರ ಮುಗಿಸಿ ಗೋಕರ್ಣಕ್ಕೆ ಹೊರಟಿದ್ದ ಭಕ್ತರು. ಹಳ್ಳ ಹಿಡಿದು ಕಡಲು ಸೇರಿದೆ. ಕಡಲು ಬೇಡವೆಂದು ವಾಪಸ್ ಕಳಿಸಿತು. ಎಸೆಯುವುದು ಈ ಸೀಮೆಗೆ ಹೊಸತಲ್ಲ ಬಿಡಿ. ಆತ್ಮಲಿಂಗ ಕೀಳಲಾಗದ ಸಿಟ್ಟಿಗೆ ರಾವಣ ಅದರ ಪ್ಯಾಕಿಂಗನ್ನೆಲ್ಲ ಎಸೆದ. ದಾರ ಬಿದ್ದಲ್ಲಿ ಧಾರೇಶ್ವರ, ಬಟ್ಟೆ ಬಿದ್ದಲ್ಲಿ ಮುರ್ಡೇಶ್ವರ. ನಾನೂ ಪ್ಯಾಕಿಂಗೇ ಅಲ್ರಾ? ಗುಡಿ ಬೇಡ, ಒಂದು ಗೋಣಿಚೀಲವಾದರೂ ಬೇಡವೇ?

ಪ್ರಶ್ನೆ: ನಿಮ್ಮಿಂದ ಕಡಲನೀರು ಸೋಸುವ ಮೆಂಬ್ರೇನ್ ಮಾಡುತ್ತಾರಂತೆ?

ಬಾಟ್ಲಿ: ಸೌದಿಯ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದಲ್ಲಿ 2019ರಲ್ಲೇ ನಮ್ಮವರನ್ನು ಕರಗಿಸಿ ಪೊರೆ ಎಳೆದರು. ಸುದ್ದಿ ಕೇಳಿ ಇಲ್ಲಿ ನಾವೆಲ್ಲ ತೆರೆಯ ಮೇಲೆ ಕುಣಿದೆವು. ಆದರೆ ಆ ಪೊರೆಯ ತೂತು ಹತ್ತಾರು ನ್ಯಾನೊಮೀಟರ್. ಉಪ್ಪಿನ ಅಯಾನು ಒಂದು ನ್ಯಾನೊಮೀಟರಿಗೂ ಕಮ್ಮಿ. ಮೀನುಬಲೆಯಲ್ಲಿ ಹೊಯ್ಗೆ ಹಿಡಿದ ಹಾಗೆ. ಕಡಲನೀರಿನ ಮೆಂಬ್ರೇನಿನಲ್ಲಿ ಉಪ್ಪನ್ನು ತಡೆಯುವುದು ಮೇಲಿನ ಪಾಲಿಅಮೈಡ್ ಪದರ, ದಪ್ಪ 0.2 ಮೈಕ್ರಾನಿನ ಆಸುಪಾಸು. ಅದರಡಿ ಪಾಲಿಸಲ್ಫೋನ್. ಎಲ್ಲಕ್ಕೂ ಅಡಿಯಲ್ಲಿ ಆಧಾರದ ಬಟ್ಟೆ. ಅದು ಪಾಲಿಯೆಸ್ಟರ್, ನಮ್ಮ ಮನೆತನ. ಸುಮಾರು 60 ಬಾರ್ ಒತ್ತಡದಲ್ಲಿ ಎಲ್ಲರನ್ನೂ ಹೊರುವುದು ನಾವು, ಹೆಸರು ಮೇಲಿನವನದು.

ಪ್ರಶ್ನೆ: ಮೇಲು ಪದರ, ಕೆಳ ಪದರ ನಿಮ್ಮಲ್ಲೂ ಉಂಟೇ?

ಬಾಟ್ಲಿ: ತಯಾರಿಸಿದವರು ಯಾರು?

ಪ್ರಶ್ನೆ: ಸರಿ, ನೌಕರಿ ಎಲ್ಲಿ ಸಿಗಬಹುದು?

ಬಾಟ್ಲಿ: ಮಂಗಳೂರಿನಲ್ಲಿ. ಬೇಸಿಗೆಗೆ ನೇತ್ರಾವತಿಯನ್ನು ನಂಬಲಾಗದೆ ತೈಲ ಕಂಪನಿ ಎಂಆರ್‌ಪಿಎಲ್‌ನವರು ತಣ್ಣೀರುಬಾವಿಯಲ್ಲಿ ಕಡಲನೀರನ್ನು ಸಿಹಿ ಮಾಡುವ, ದಿನಕ್ಕೆ 3 ಕೋಟಿ ಲೀಟರಿನ ಸ್ಥಾವರ ಕಟ್ಟಿದ್ದಾರೆ. 2022ರಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿದರು. ಆ ಸಿಹಿನೀರು ಕುಡಿಯುವುದು ತೈಲಾಗಾರ. ನಾನು ಹುಟ್ಟಿದ್ದೂ ಕಚ್ಚಾತೈಲದಿಂದ. ತವರಿನ ಚಾಕರಿ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಕುಮಟಾದಲ್ಲೇ ಏನಾದರೂ?

ಬಾಟ್ಲಿ: ಇಲ್ಲಿನವರ ದಾರಿಯೇ ಬೇರೆ. ಸಾಣಿಕಟ್ಟಾದಲ್ಲಿ ನೀರನ್ನು ಬಿಸಿಲಿಗೆ ಕೊಟ್ಟು ಉಪ್ಪನ್ನು ಇಟ್ಟುಕೊಳ್ಳುತ್ತಾರೆ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪುನೀರಲ್ಲೇ ನಿಂತು ತೆನೆ ಬಿಡುತ್ತದೆ, ಯಾವ ಮೆಂಬ್ರೇನನ್ನೂ ಕೇಳದೆ. ಆಷಾಢದಲ್ಲಿ ಮಾಡು ಸೋರುವಷ್ಟು ಮಳೆ. ಮೇ ತಿಂಗಳಲ್ಲಿ ಕಡಲಬದಿಯ ಬಾವಿಗೆ ಉಪ್ಪು, ಕೇರಿಗೆ ಟ್ಯಾಂಕರ್. ನಡುವೆ ಯಾರಾದರೂ ಮಳೆನೀರು ಹಿಡಿದಿಟ್ಟರೆ ನನ್ನ ಅರ್ಜಿಯೇ ಬಿದ್ದುಹೋಗುತ್ತದೆ. ಇದನ್ನು ಮಾತ್ರ ಅಚ್ಚು ಹಾಕಬೇಡಿ.

ಪ್ರಶ್ನೆ: ನಿಷೇಧದ ಭಯವಿಲ್ಲವೇ?

ಬಾಟ್ಲಿ: 2016ರಲ್ಲಿ ರಾಜ್ಯ, 2022ರಲ್ಲಿ ಕೇಂದ್ರ. ಲೋಟ, ಚಮಚ, ಸ್ಟ್ರಾಗಳಿಗೆ ಶಿಕ್ಷೆಯಾಯಿತು, ಆದೇಶದ ಮಟ್ಟಿಗೆ. ನನ್ನನ್ನು ಮುಟ್ಟಲಿಲ್ಲ. ಪ್ಲಾಸ್ಟಿಕ್ ವಿರೋಧಿ ಸಭೆಗಳಲ್ಲಿ ಗಣ್ಯರ ಮುಂದೆ ಸಾಲಾಗಿ ನಿಂತಿರುವವರು ಯಾರೆಂದುಕೊಂಡಿರಿ?

ಪ್ರಶ್ನೆ: ಅರ್ಜಿ ಈಗ ಎಲ್ಲಿದೆ?

ಬಾಟ್ಲಿ: ಲೇಬಲ್ ಕಿತ್ತು ಚೊಕ್ಕಟವಾಗಿ ತೊಳೆದ ಬಾಟ್ಲಿಯೇ ಆಗಬೇಕಂತೆ. ನನ್ನ ಮೈಗೆ ಪಾಚಿ, ಹೊಟ್ಟೆಯಲ್ಲಿ ಏಡಿಯ ಸಂಸಾರ. ನನ್ನನ್ನು ತೊಳೆಯಲು ಸಿಹಿನೀರು ಬೇಕು, ಸಿಹಿನೀರಿಗೆ ಮೆಂಬ್ರೇನ್ ಬೇಕು, ಮೆಂಬ್ರೇನ್ ಆಗಲು ನಾನು ತೊಳೆದಿರಬೇಕು. ಕಡತ ಸದ್ಯ ಈ ಮೂರು ಮೇಜುಗಳ ನಡುವೆ ಓಡಾಡುತ್ತಿದೆ.